ಹೊಸ ಆಕಾಶ, ಹೊಸ ಬದುಕು

"ಸತ್ತ ಫ್ರಿಜ್ಜಿಗೇ ಜೀವ ಕೊಡೋನು ನಾನು. ಒಂದು ಆಕಾಶ ಬದಲಿಸೋದು ಯಾವ ಮಹಾ ಕೆಲಸ!"

ರಜೆಯ ದಿನ ಮಧ್ಯಾಹ್ನ ಫ್ರಿಜ್ ಡಾಕ್ಟರು ಹೀಗೆಂದು ಘೋಷಿಸಿದಾಗ ಕೇಳಿಸಿಕೊಳ್ಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಡಾಕ್ಟರು ಎಂಬ ಪದವಿ ಬೀದಿಯವರು ದಯಪಾಲಿಸಿದ್ದು. ರಿಪೇರಿಗೆ ಬಂದ ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ರೋಗ ಹೇಳುವುದು ಅವರ ವೃತ್ತಿ. ಹೆಂಡತಿಯ ತಂಗಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಅವಳನ್ನು ನೋಡಿಕೊಳ್ಳಲು ಹೆಂಡತಿ ಪಕ್ಕದ ಊರಿಗೆ ಹೋಗಿ ತಿಂಗಳ ಮೇಲಾಗಿತ್ತು. ಹೊರಡುವಾಗ "ಒಬ್ಬರೇ ಇರ್ತೀರಾ?" ಎಂದು ಕೇಳಿದ್ದಳು.

"ನೀನಿಲ್ಲ ಅಂದ್ರೆ ಮನೆ ಏನು ಮುಳುಗಿ ಹೋಗಲ್ಲ, ಹೋಗು!" ಎಂದು ಡಾಕ್ಟರು ಎದೆಯುಬ್ಬಿಸಿದ್ದರು.

ಮನೆ ಮುಳುಗಲಿಲ್ಲ. ಸದ್ದಡಗಿತು, ಅಷ್ಟೇ. ಬೆಳಿಗ್ಗೆ ಕೈ ತಾನಾಗಿ ಎರಡು ಲೋಟ ಟೀ ಮಾಡುತ್ತಿತ್ತು. ಎರಡನೆಯದನ್ನೂ ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. ಯಾರಾದರೂ ಮಾತಾಡುತ್ತಿರಲಿ ಎಂದು ಟೀವಿ ಹಾಕಿದರೆ ಅದು ಬರೀ ಸಾಬೂನು ಮಾರುತ್ತಿತ್ತು. ಊಟ ಒಲೆಯ ಮುಂದೆ ನಿಂತೇ. ಒಬ್ಬರಿಗಾಗಿ ಕುರ್ಚಿ ಯಾಕೆ ಎಳೆಯಬೇಕು? ಸಂಜೆ ಅವಳ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಹೂಂ."

"ಈ ವಾರ ಬಂದು ಹೋಗ್ತೀರಾ?"

"ಅಂಗಡಿ ತುಂಬ ಕೆಲಸ ಕಣೇ."

ಹೇಳಬೇಕಾದದ್ದೆಲ್ಲ ಫೋನ್ ಇಟ್ಟ ಮೇಲೆ ನೆನಪಾಗುತ್ತಿತ್ತು.

ಬಾಯಲ್ಲಿ ಬಾರದ್ದನ್ನು ಫೋಟೋದಲ್ಲಿ ಹೇಳಿದರಾಯಿತು ಎಂದು ಹೊಳೆದದ್ದು ಆಗಲೇ. ಇಬ್ಬರೂ ಜೊತೆಗಿದ್ದ ಫೋಟೋ ಇದ್ದದ್ದು ಒಂದೇ, ಕೆರೆಯ ದಂಡೆಯಲ್ಲಿ ಯಾರೋ ದಾರಿಹೋಕ ತೆಗೆದುಕೊಟ್ಟದ್ದು. ಆಕಾಶ ಮಾತ್ರ ಪಾತ್ರೆ ತೊಳೆದ ನೀರಿನ ಬಣ್ಣ. "ಒಂಚೂರು ನೀಲಿ ಇದ್ದಿದ್ರೆ!" ಎಂದು ಅವಳು ನೋಡಿದಾಗಲೆಲ್ಲ ಅನ್ನುತ್ತಿದ್ದಳು. ಡಾಕ್ಟರು ಕಂಪ್ಯೂಟರಿಗೆ ಫೋಟೋ ತಿದ್ದುವ ತಂತ್ರಾಂಶ ಹಾಕಿಕೊಂಡರು. ಅದರಲ್ಲಿ 'ಆಕಾಶ ಬದಲಿಸಿ' ಎಂಬ ಗುಂಡಿಯೇ ಇತ್ತು. ಒತ್ತಿದರು.

ಆಹಾ! ಥಳಥಳ ನೀಲಿ! ಹತ್ತಿಯಂಥ ಮೋಡಗಳು! ಆದರೆ ಒಂದು ಮರಿಮೋಡ ಡಾಕ್ಟರ ತಲೆಯ ಮೇಲೇ ತೇಲುತ್ತಿತ್ತು. ಮೇಲೇನು ಬಂತು, ತಲೆಯಲ್ಲೇ! ಅವರ ಬೋಳುತಲೆಯ ಹೊಳಪನ್ನು ಆ ತಂತ್ರಾಂಶ ಆಕಾಶದ್ದೇ ಒಂದು ತುಂಡೆಂದು ಭಾವಿಸಿತ್ತು.

"ಲೋ, ಅದು ನನ್ನ ತಲೆ ಕಣೋ!" ಎಂದು ಕಂಪ್ಯೂಟರಿಗೆ ಗದರಿದರು. ಬೈಯಲಾದರೂ ಮನೆಯಲ್ಲಿ ಒಬ್ಬರು ಸಿಕ್ಕರಲ್ಲ ಎಂದು ಒಂಥರಾ ಹಿತವೂ ಆಯಿತು.

ಚಿತ್ರವನ್ನು ಹಿಗ್ಗಿಸಿದರು. ಪರದೆಯ ತುಂಬ ತಲೆ. ಉಜ್ಜಿ ಉಜ್ಜಿ ಮೋಡ ಒರೆಸಿದರು. ಅಷ್ಟರಲ್ಲಿ ಪಕ್ಕದಲ್ಲಿ ದೀಪದ ಕಂಬದ ತುದಿಯೊಂದು ಹೊಚ್ಚ ಹೊಸ ಆಕಾಶವನ್ನು ಚುಚ್ಚುತ್ತಿರುವುದು ಕಂಡಿತು. 'ಬೇಡದ್ದನ್ನು ತೆಗೆಯಿರಿ' ಎಂಬ ಗುಂಡಿ ಸಿದ್ಧವಾಗಿತ್ತು. ಒತ್ತಿದರು. ಕಂಬ ಮಾಯ! 'ಹಳೆಯ ಚಿತ್ರದ ಜಾಗದಲ್ಲೇ ಉಳಿಸಲೇ?' ಎಂದು ತಂತ್ರಾಂಶ ವಿನಯದಿಂದ ಕೇಳಿತು.

"ಧಾರಾಳವಾಗಿ ಉಳಿಸಪ್ಪ!"

ಹಿಗ್ಗಿಸಿದ್ದನ್ನು ಕುಗ್ಗಿಸಿ ನೋಡುವಷ್ಟು ತಾಳ್ಮೆ ಹಿಗ್ಗಿದವರಿಗೆ ಎಲ್ಲಿರುತ್ತದೆ? ಹೆಂಡತಿಯೊಬ್ಬಳಿಗೇ ಕಳಿಸಿದರೆ ತಮ್ಮ ಪ್ರತಾಪ ಲೋಕಕ್ಕೆ ತಿಳಿಯುವುದು ಹೇಗೆ ಎಂದು, ಫೋನಿನಲ್ಲಿದ್ದ ಬಂಧುಬಳಗದ ಗುಂಪಿಗೇ ಕಳಿಸಿ, ಕೆಳಗೆ ಬರೆದರು: 'ಹೊಸ ಆಕಾಶ, ಹೊಸ ಬದುಕು!'

ಮೊದಲು ಫೋನ್ ಮಾಡಿದವಳು ಅಕ್ಕ. "ಈ ವಯಸ್ಸಲ್ಲಿ ಯಾವ ಹೊಸ ಬದುಕೋ ನಿಂದು? ಅವಳನ್ನ ಬಿಟ್ಬಿಟ್ಯಾ?"

"ಯಾರನ್ನ?"

"ಹೆಂಡ್ತೀನ! ಫೋಟೋ ನೋಡೋ, ಮುಠ್ಠಾಳ!"

ನೋಡಿದರು. ಕಂಬ ನಿಂತಿದ್ದದ್ದು ಸರಿಯಾಗಿ ಹೆಂಡತಿಯ ಬೆನ್ನ ಹಿಂದೆ. ಎರಡೂ ಒಂದೇ ವಸ್ತುವೆಂದು ತಿಳಿದ ತಂತ್ರಾಂಶ ಕಂಬದ ಜೊತೆ ಅವಳನ್ನೂ ಕಿತ್ತು ಹಾಕಿತ್ತು. ಕೆರೆಯಿತ್ತು, ದಂಡೆಯಿತ್ತು, ನೀಲಿ ಆಕಾಶವಿತ್ತು. ನಡುವೆ ಡಾಕ್ಟರು ಒಬ್ಬರೇ. ಅವಳ ಹೆಗಲ ಮೇಲಿದ್ದ ಕೈ ಗಾಳಿಯಲ್ಲೇ ಉಳಿದಿತ್ತು. ಮುಖದಲ್ಲಿ ಮಾತ್ರ ಅದೇ ನಗು.

ಚಿಕ್ಕಪ್ಪ "ದುಡುಕಬೇಡಪ್ಪ, ಕೂತು ಮಾತಾಡಿ" ಎಂದರು. ಅತ್ತೆ ಮಾತೇ ಆಡದೆ ಅತ್ತರು. ತಿಂಗಳಿಂದ ಮೂಕವಾಗಿದ್ದ ಮನೆಯಲ್ಲಿ ಫೋನು ಬಾಯಿ ಮುಚ್ಚಲಿಲ್ಲ. ಎಲ್ಲರೂ ಕರೆದರು, ಅವಳೊಬ್ಬಳನ್ನು ಬಿಟ್ಟು. ಕೊನೆಗೆ ಡಾಕ್ಟರೇ ಅವಳಿಗೆ ಫೋನ್ ಹಚ್ಚಿದರು.

"ಏನ್ರೀ, ಮನೇಲಂತೂ ನಾನಿಲ್ಲ. ಫೋಟೋದಿಂದಾನೂ ಓಡಿಸಿಬಿಟ್ರಾ?"

"ಕಂಬ ತೆಗೆಯೋಕೆ ಹೋಗಿ... ಹಳೇದೂ ಅಳಿಸಿ ಹೋಯ್ತು ಕಣೇ. ನಾವಿಬ್ರೂ ಇದ್ದದ್ದು ಅದೊಂದೇ."

ಅವಳು ಮೆಲ್ಲಗೆ ಅಂದಳು: "ನನ್ನ ಫೋನಲ್ಲಿದೆ ಬಿಡಿ."

"ಹೌದಾ! ಕಳಿಸು, ಈಗ್ಲೇ ಕಳಿಸು!"

"ಕಳಿಸಲ್ಲ. ಬೇಕಿದ್ರೆ ಬಂದು ತಗೊಂಡು ಹೋಗಿ."

ಅಂಗಡಿ ತುಂಬ ಇದ್ದ ಕೆಲಸ ಎಲ್ಲಿ ಹಾರಿಹೋಯಿತೋ! ಮರುದಿನ ಡಾಕ್ಟರು ಅಂಗಡಿಯ ಬಾಗಿಲೇ ತೆಗೆಯದೆ ಬಸ್ಸು ಹತ್ತಿದರು. ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ಕಂಬಿಗೆ ಜೋತುಬಿದ್ದು ಹೋಗಿ, ನಾದಿನಿಯ ಮನೆ ಮುಟ್ಟಿ, ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಎಲ್ಲಿ, ಫೋಟೋ?"

ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ ನಾದಿನಿ ತಲೆಯೆತ್ತಿದಳು. "ಯಾವ ಫೋಟೋ ಭಾವ? ಅಕ್ಕನ ಹಳೇ ಫೋನು ನೀರಿಗೆ ಬಿದ್ದಾಗಲೇ ಅದರಲ್ಲಿದ್ದದ್ದೆಲ್ಲ ಹೋಯ್ತಲ್ಲ!"

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಅವಳು ಕುಡಿಯಲು ನೀರು ಹಿಡಿದು ನಿಂತಿದ್ದಳು. ಒಂದಿಷ್ಟು ಸೊರಗಿದ್ದಳು.

"ಅಲ್ಲ ಕಣೇ, ಇಲ್ಲದ ಫೋಟೋಗಾಗಿ ದಾರಿಯುದ್ದಕ್ಕೂ ನಿಂತ್ಕೊಂಡೇ ಬಂದೆನಲ್ಲೇ!"

"ಏನು ಮಾಡ್ಲಿ?" ಎಂದಳು ಅವಳು, ಲೋಟ ಕೈಗಿಡುತ್ತ. "ಇರೋ ಹೆಂಡ್ತಿಗಾಗಿ ಬರ್ಲಿಲ್ಲವಲ್ಲ ನೀವು!"