ಮಾವನ ಸ್ಕ್ರೂಡ್ರೈವರುಗಳೂ ಮನೆ ನೋಡುವ ಶಾಸ್ತ್ರವೂ

ನಮ್ಮ ಮಾವನಷ್ಟು ಸ್ಕ್ರೂಡ್ರೈವರುಗಳನ್ನು ಬಲ್ಲವರು ಪಾಂಡವಪುರದಲ್ಲಿ ಇನ್ನೊಬ್ಬರಿರಲಿಲ್ಲ. ಅಷ್ಟೇ ಖಚಿತವಾಗಿ ಇನ್ನೊಂದು ಮಾತನ್ನೂ ಹೇಳಬಲ್ಲೆ: ಆತ ತನ್ನ ಕೈಯಾರೆ ಒಂದೇ ಒಂದು ಸ್ಕ್ರೂವನ್ನು ಬಿಗಿ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಸಂಗೀತದ ವಿಮರ್ಶಕರನ್ನು ಹಿಡಿದು ನಿಲ್ಲಿಸಿ ‘ಎಲ್ಲಿ, ಒಂದು ಆಲಾಪನೆ ಮಾಡಿ’ ಎಂದು ಯಾರಾದರೂ ಕೇಳುತ್ತಾರೆಯೇ? ಮಾವ ಆ ದರ್ಜೆಯ ವಿಮರ್ಶಕ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಏಕವಚನಕ್ಕೆ ಓದುಗರು ಬೇಸರಿಸಬಾರದು. ನಮ್ಮ ಕಡೆ ಸೋದರಮಾವನಿಗೂ ದೇವರಿಗೂ ಬಹುವಚನ ಹಚ್ಚಿದರೆ ಇಬ್ಬರಿಗೂ ಅನುಮಾನ ಬರುತ್ತದೆ.

ಆತ ಸಕ್ಕರೆ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತನಾಗಿದ್ದ. ಬೆಳಿಗ್ಗೆ ಫಿಟ್ಟರುಗಳಿಗೆ ಸಾಮಾನು ಕೊಡುವುದು, ಸಂಜೆ ವಾಪಸು ಪಡೆಯುವುದು ಅವನ ಕೆಲಸ. ಬೆಳಿಗ್ಗೆ ಎಣ್ಣೆ ಒರೆಸಿ ಲಕ್ಷಣವಾಗಿ ಕಳಿಸಿದ ಸ್ಕ್ರೂಡ್ರೈವರು ಸಂಜೆ ಬರುವಾಗ ಮೂತಿ ಮುರಿದು, ಹಿಡಿ ಸುಟ್ಟು, ಸೊಂಟ ಬಾಗಿಸಿಕೊಂಡು ಬರುತ್ತಿತ್ತು. ಆ ಮಹಾನುಭಾವರು ಅದನ್ನು ಉಳಿಯ ಹಾಗೆ ಬಡಿದಿರುತ್ತಿದ್ದರು, ಹಾರೆಯ ಹಾಗೆ ಮೀಟಿರುತ್ತಿದ್ದರು, ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿರುತ್ತಿದ್ದರು. ಮಾವ ಅದನ್ನು ಅಂಗೈ ಮೇಲೆ ಮಲಗಿಸಿಕೊಂಡು, “ಯಾವನ್ನೂ ನಂಬಿ ಒಂದು ವಸ್ತ ಕೊಡಂಗಿಲ್ಲ ಕಣ್ಲಾ” ಎಂದು ನಿಟ್ಟುಸಿರು ಬಿಡುತ್ತಿದ್ದ. ಸೇವೆಗೆ ಸೇರಿದ ದಿನದಿಂದ ಬಿಟ್ಟ ಆ ನಿಟ್ಟುಸಿರುಗಳನ್ನು ಒಟ್ಟು ಸೇರಿಸಿದ್ದರೆ ಕಾರ್ಖಾನೆಯ ಬಾಯ್ಲರು ಒಂದು ದಿನ ನಡೆಯುತ್ತಿತ್ತು.

ಆ ನೋವಿನಿಂದಲೇ ಇರಬೇಕು, ಮನೆಯಲ್ಲಿ ಸ್ವಂತದ ಸ್ಕ್ರೂಡ್ರೈವರುಗಳನ್ನು ಸಾಕತೊಡಗಿದ. ಪರದೇಶದ ಸಾಮಾನು ಆಗತಾನೇ ನಮ್ಮ ಕಡೆಯ ಅಂಗಡಿಗಳಿಗೂ ಇಣುಕತೊಡಗಿದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ಮಾವ ಜಗಲಿಯ ಮೇಲೆ ಮಡಿಪಂಚೆ ಹಾಸಿ ಅವುಗಳನ್ನು ಸಾಲಾಗಿ ಮಲಗಿಸುತ್ತಿದ್ದ. ಪಂಜಾಬಿನಲ್ಲಿ ತಯಾರಾದ ಹಳದಿ ಹಿಡಿಯದು. ಉಕ್ಕು ಗಟ್ಟಿ, ನಡತೆ ಒರಟು. ಜಪಾನಿನ ಮರದ ಹಿಡಿಯದು. ಅಂಗೈಗೆ ಹಿತ, ಆದರೆ ಮಳೆಗಾಲದಲ್ಲಿ ಹಿಡಿ ಊದಿಕೊಂಡು ಮುನಿಸಿಕೊಳ್ಳುತ್ತದೆ. ಎಲ್ಲಕ್ಕೂ ಮೇಲೆ, ಕೆಂಪು ಕಪ್ಪು ಹಿಡಿಯ ಜರ್ಮನಿಯದು. ಕಾರ್ಖಾನೆಯ ಎಂಜಿನಿಯರೊಬ್ಬರು ಪರದೇಶದಿಂದ ತಂದು ಇವನ ಭಕ್ತಿಗೆ ಮೆಚ್ಚಿ ಕೊಟ್ಟಿದ್ದು. ಅದಕ್ಕೆ ಬೇರೆ ಪೆಟ್ಟಿಗೆ, ಬೇರೆ ಬಟ್ಟೆ. ಅದರ ಬಗ್ಗೆ ಮಾತಾಡುವಾಗ ಮಾವ ದನಿ ತಗ್ಗಿಸುತ್ತಿದ್ದ.

“ತುದಿ ನೋಡ್ಲಾ ಇಲ್ಲಿ,” ಎಂದು ಶುರು ಮಾಡುತ್ತಿದ್ದ. “ಅಗ್ಗದ್ದು ಬೆಣೆ ಇದ್ದಂಗೆ ಇರ್ತದೆ. ಸ್ಕ್ರೂ ತಲೆ ಮ್ಯಾಲಿನ ಗೀರಲ್ಲಿ ಕೂತ್ಕಳಕಿಲ್ಲ, ತಿರುಗಿಸ್ತಿದ್ದಂಗೆ ಮ್ಯಾಕೆ ಎದ್ದು ಗೀರ್ನೆಲ್ಲ ಕಿತ್ತಾಕ್ಬುಡ್ತದೆ. ಇದು ಅಂಗಲ್ಲ. ಪೀಠದ ಮ್ಯಾಲೆ ದ್ಯಾವ್ರು ಕೂತಂಗೆ ಕೂತ್ಕತದೆ.”

ಪೀಠದ ಪರೀಕ್ಷೆಯೂ ಇತ್ತು. ಒಂದು ಹಲಗೆಗೆ ಬಡಗಿಯ ಕೈಯಲ್ಲಿ ಸ್ಕ್ರೂ ಹಾಕಿಸಿಟ್ಟಿದ್ದ. ಅದರ ಗೀರಿನಲ್ಲಿ ಸ್ಕ್ರೂಡ್ರೈವರನ್ನು ನಿಲ್ಲಿಸಿ, ಕೈ ಬಿಟ್ಟು, ಹಲಗೆಯನ್ನು ಮೆಲ್ಲಗೆ ಓರೆ ಮಾಡುವುದು. ಪಂಜಾಬಿನದು ಕೂಡಲೇ ಉರುಳುತ್ತಿತ್ತು. ಜಪಾನು ಸ್ವಲ್ಪ ತಾಳುತ್ತಿತ್ತು. ಜರ್ಮನಿ ಮಾತ್ರ ಹಲಗೆ ಗೋಡೆಯಂತೆ ನಿಂತರೂ ಅಲ್ಲಾಡದೆ ಇರುತ್ತಿತ್ತು. ಮಾವ ನಮ್ಮ ಕಡೆ ತಿರುಗಿ, ತಾನೇ ಅದನ್ನು ಹೆತ್ತವನಂತೆ ನೋಡುತ್ತಿದ್ದ.

“ಅದ್ರಲ್ಲಿ ಆ ಕುಕ್ಕರ್ ಹಿಡಿ ಒಂಚೂರು ಬಿಗಿ ಮಾಡ್ಕೊಡಿ, ಅನ್ನ ಬಗ್ಸಕ್ಕಾಗಕಿಲ್ಲ,” ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಳು.

“ಇದ್ರಲ್ಲಾ? ಕುಕ್ಕರ್ಗಾ? ಎಂಥ ಮಾತು ಅಂತ ಆಡ್ತೀಯ ಕಣೆ ನೀನು.”

ಅತ್ತೆ ಈಳಿಗೆಮಣೆಯ ಪಕ್ಕದ ಚಾಕುವಿನ ತುದಿಯಲ್ಲಿ ಕುಕ್ಕರಿನ ಹಿಡಿ ಬಿಗಿ ಮಾಡಿಕೊಂಡು ಅನ್ನಕ್ಕಿಡುತ್ತಿದ್ದಳು. ಮಾವ ಆ ಚಾಕುವಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಆ ಮನೆಯಲ್ಲಿ ಇನ್ನೊಂದು ತಕರಾರು ಬಹಳ ವರ್ಷದಿಂದ ನಡೆದಿತ್ತು. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕನ್ನಡಿ. ಮಾವನ ಒಬ್ಬಳೇ ಮಗಳು ಸವಿತ ಮೂರನೇ ಕ್ಲಾಸಿನಲ್ಲಿದ್ದಾಗ ಬಡಗಿ ಅವಳ ಮುಖಕ್ಕೆ ಸರಿಯಾಗಿ ಹಾಕಿಕೊಟ್ಟದ್ದು. ಸವಿತ ಬೆಳೆದಳು, ಕನ್ನಡಿ ಬೆಳೆಯಲಿಲ್ಲ. ಡಿಗ್ರಿ ಮುಗಿಸಿದ ಹುಡುಗಿ ಮೊಣಕಾಲು ಬಗ್ಗಿಸಿ, ಬಸ್ಸಿನ ಕಿಟಕಿಯಲ್ಲಿ ಇಣುಕುವವಳಂತೆ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು. ಅದನ್ನು ಬಿಚ್ಚಿ ಮೇಲಕ್ಕೆ ಹಾಕಿ ಎಂದು ಅತ್ತೆ ಹೇಳಿದಾಗೆಲ್ಲ ಮಾವನದು ಒಂದೇ ಉತ್ತರ: “ಸ್ಕ್ರೂ ತುಕ್ಕಿಡಿದದೆ. ಬಿಚ್ಚಕ್ಕೋದ್ರೆ ಗೀರು ಕೆಡ್ತದೆ.”

ಶ್ರೀರಂಗಪಟ್ಟಣದ ಪ್ರಸಂಗವೊಂದನ್ನು ಹೇಳದೆ ಮುಂದೆ ಹೋಗಲಾರೆ. ಗಂಜಾಂನಲ್ಲಿ ನಿಮಿಷಾಂಬೆಯ ದರ್ಶನ ಮುಗಿಸಿ ಬರುವಾಗ ಮಾವ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ನನ್ನನ್ನು ಎಳೆದುಕೊಂಡು ಹೋದ. ಅಂಗಡಿಯ ಭಾಯ್ ಹೊಸದಾಗಿ ಬಂದಿದ್ದ ಸ್ಕ್ರೂಡ್ರೈವರನ್ನು ಮುಂದಿಟ್ಟರು. ಮಾವ ಅದನ್ನು ಗಾಜಿನ ಮೇಲೆ ಉರುಳಿಸಿ ಸೊಂಟ ನೆಟ್ಟಗಿದೆಯೇ ನೋಡಿದ. ಬೆಳಕಿಗೆ ಹಿಡಿದು ತುದಿ ನೋಡಿದ. ಹಿಡಿಯನ್ನು ಮೂಸಿದ, ಹೌದು, ಮೂಸಿದ. ಅಷ್ಟರಲ್ಲಿ ಭಾಯ್ ಮೂವರು ಗಿರಾಕಿಗಳನ್ನು ಸಾಗಹಾಕಿ, ಚಹಾ ಕುಡಿದು ಮುಗಿಸಿದ್ದರು.

“ಅರೆ ಯಜಮಾನ್ರೆ,” ಎಂದರು ಕೊನೆಗೆ, “ಹೆಣ್ಣು ನೋಡೋಕ್ ಬಂದೋರು ಭೀ ಇಷ್ಟೊತ್ತು ನೋಡಲ್ಲ. ಪಸಂದಾ, ಇಲ್ವಾ?”

“ಹೆಣ್ಣು ನೋಡದು ಸುಲಭ ಭಾಯ್. ಕೊಡೋರ ಕಷ್ಟ ಕೊಡೋರಿಗೇ ಗೊತ್ತು,” ಎಂದು ಮಾವ ಅದನ್ನು ಅಲ್ಲೇ ಇಟ್ಟು ಎದ್ದು ಬಂದ. ಸ್ಕ್ರೂಡ್ರೈವರಿಗೂ ಇದಕ್ಕೂ ಏನು ಸಂಬಂಧ ಎಂದು ನನಗಾಗಲಿ ಭಾಯ್‌ಗಾಗಲಿ ಹೊಳೆಯಲಿಲ್ಲ.

ಆಗ ಸವಿತಳಿಗೆ ಗಂಡು ಬಂದಿತ್ತು. ಹುಡುಗ ಮಹೇಶ, ಕೆ.ಆರ್.ಪೇಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ನಾಗಮಂಗಲದ ಹತ್ತಿರದ ಹಳ್ಳಿ. ಅವರು ಬಂದು ಹೆಣ್ಣು ನೋಡಿಹೋದದ್ದಾಗಿತ್ತು. ಸವಿತ ಒಪ್ಪಿದ್ದಳು. ಒಪ್ಪಿದ್ದಳು ಎಂದರೆ, ಕೇಳಿದಾಗ ತಲೆ ಬಗ್ಗಿಸದೆ ‘ಹೂಂ’ ಎಂದವಳು ಆಮೇಲೆ ಅಂಗಳ ಗುಡಿಸುತ್ತಾ ತನ್ನಷ್ಟಕ್ಕೆ ಹಾಡಿಕೊಂಡಿದ್ದಳು. ಇನ್ನುಳಿದದ್ದು ಗಂಡಿನ ಮನೆ ನೋಡುವ ಶಾಸ್ತ್ರ. ನಮ್ಮ ಕಡೆ ಅದಕ್ಕೊಂದು ಕಟ್ಟಳೆಯುಂಟು. ಹೆಣ್ಣಿನವರು ಹೋಗಿ ಮನೆಮಠವೆಲ್ಲ ನೋಡಬೇಕು. ಒಪ್ಪಿಗೆಯಾದರೆ ಊಟಕ್ಕೆ ಕೂರಬೇಕು, ಇಲ್ಲದಿದ್ದರೆ ನೀರು ಕುಡಿದು ಎದ್ದುಬಿಡಬೇಕು. ಎಲೆಗೆ ಕೈ ಇಟ್ಟರೆ ಹೆಣ್ಣು ಕೊಟ್ಟಂತೆಯೇ.

ಒಂದು ಮೆಟಡೋರ್ ವ್ಯಾನಿನಲ್ಲಿ ಹಿರಿಯರೂ ನಾನೂ ಹೊರಟೆವು. ಒಬ್ಬರು ತೆಂಗಿನ ಮರ ನೋಡಿದರು, ಒಬ್ಬರು ಹಸುವಿನ ಹಲ್ಲು ನೋಡಿದರು, ಒಬ್ಬರು ಬೋರ್‌ವೆಲ್ಲಿನ ನೀರನ್ನು ತೀರ್ಥದ ಹಾಗೆ ಬಾಯಲ್ಲಾಡಿಸಿ ಗಂಭೀರವಾಗಿ ನುಂಗಿದರು. ಎಲ್ಲರಿಗೂ ಒಪ್ಪಿಗೆ. ಎಲೆ ಹಾಕಿದರು. ಒಬ್ಬಟ್ಟು ಬಂತು, ಅದರ ಮೇಲೆ ತುಪ್ಪ ಬಂತು. ಆಗ ನೋಡಿದರೆ ಮಾವ ಪಂಕ್ತಿಯಲ್ಲಿಲ್ಲ. ನಡುಮನೆಯ ಸ್ವಿಚ್‌ಬೋರ್ಡಿನ ಮುಂದೆ, ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ನಿಂತವನಂತೆ ನಿಂತಿದ್ದ. ಬೋರ್ಡಿನ ನಾಲ್ಕು ಮೂಲೆಯ ಸ್ಕ್ರೂಗಳೂ ಗೀರು ಕಿತ್ತು, ತಲೆ ಜಜ್ಜಿ, ಗುರುತು ಸಿಗದಂತಾಗಿದ್ದವು.

“ಏಳ್ರಪ್ಪ, ಓಗಣ,” ಎಂದ ಮಾವ.

ಪಂಕ್ತಿಯ ಕೈಗಳು ಒಬ್ಬಟ್ಟಿನಿಂದ ಒಂದಿಂಚು ದೂರದಲ್ಲಿ ನಿಂತವು.

“ಯಾಕ್ಲಾ, ಏನಾಯ್ತು?” ಎಂದರು ನಮ್ಮ ದೊಡ್ಡಪ್ಪ.

“ಆ ಸ್ಕ್ರೂ ನೋಡು. ಒಂದು ಸ್ಕ್ರೂನ ಇಂಗೆ ನೋಡ್ಕಂಡಿರೋರು ನನ್ನ ಮಗಳ ಎಂಗ್ಲಾ ನೋಡ್ಕತಾರೆ?”

“ಸ್ಕ್ರೂಗೋಸ್ಕರ ಒಬ್ಬಟ್ಟು ಬುಟ್ಟು ಏಳಬೇಕೇನ್ಲಾ? ತುಪ್ಪ ಬೇರೆ ಬಡುಸ್ಬುಟ್ಟವ್ರೆ.”

ಎದ್ದೆವು. ನಾಗಮಂಗಲದ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ತಣ್ಣಗಿನ ಚಿತ್ರಾನ್ನ ತಿಂದೆವು. ಪಾಂಡವಪುರ ಸೇರುವವರೆಗೆ ಮೆಟಡೋರಿನಲ್ಲಿ ಮಾತಾಡಿದ್ದು ಅದರ ಎಂಜಿನ್ನು ಮಾತ್ರ.

ಸವಿತ ಅಳಲಿಲ್ಲ, ಕೂಗಾಡಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು. ಮುದ್ದೆ ತಂದು ತಟ್ಟೆಗಿಡುತ್ತಿದ್ದಳು, ಸಾರು ಬಿಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಮಾವ ಉಪ್ಪು ಕೇಳಿದರೆ ಉಪ್ಪಿನ ಡಬ್ಬಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ವಾರವೊಂದು ಹೀಗೆ ಕಳೆದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದಳು.

“ಬಾವ, ನೀನು ಕೆ.ಆರ್.ಪೇಟೆಗೆ ಓಗ್ಬಾ. ಅವ್ರಿಗೆ ಏಳು, ನಾನು ಬ್ಯಾಡ ಅಂದಿಲ್ಲ ಅಂತ. ಈ ಸಂಬಂಧ ಮುರಿದ್ರೆ ಇನ್ನೊಂದು ನೋಡ್ಬ್ಯಾಡಿ ಅಂತ ಅಪ್ಪಂಗೂ ಏಳು.”

ಎರಡನೆಯ ಸಂದೇಶ ಮುಟ್ಟಿಸುವ ಧೈರ್ಯ ನನಗಿರಲಿಲ್ಲ. ಮೊದಲನೆಯದನ್ನು ಹೊತ್ತುಕೊಂಡು ಕೆ.ಆರ್.ಪೇಟೆಯ ಬಸ್ಸು ಹತ್ತಿದೆ. ಮಹೇಶ ಸ್ಟಾಫ್ ರೂಮಿನಿಂದ ಹೊರಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡ.

“ಆ ಸ್ಕ್ರೂ ಕೆಡ್ಸಿದ್ದು ನಾನೇ ಕಣಣ್ಣ,” ಎಂದ. “ಹುಲ್ಲು ಕುಯ್ಯೋ ಕುಡ್ಲು ತುದೀಲಿ ತಿರುಗಿಸ್ಬುಟ್ಟೆ.”

“ನಿಮ್ಮೂರ ವೈರಿಂಗಿನೋನು ಕೆಡಿಸಿದ ಅಂದ್ಬುಡಪ್ಪ, ಮುಗೀತು,” ಎಂದೆ.

“ಅಂಗೆ ಏಳಿ ಹೆಣ್ಣು ತರಾದಾ?” ಎಂದು ನಕ್ಕ. ಆಗಲೇ ಅನ್ನಿಸಿತು, ಈತ ನಮ್ಮ ಮಾವನಿಗೆ ತಕ್ಕವನೆಂದು.

ಮುಂದಿನ ಭಾನುವಾರ ಮಹೇಶ ಒಬ್ಬನೇ ಬಂದ. ಮಾವ ಜಗಲಿಯ ಮೇಲೆ ಪಂಚೆ ಹಾಸಿ ಕೂತಿದ್ದ. ಹುಡುಗ ಜೇಬಿನಿಂದ ಜಜ್ಜಿಹೋದ ನಾಲ್ಕು ಸ್ಕ್ರೂಗಳನ್ನು ತೆಗೆದು ಪಂಚೆಯ ಅಂಚಿನಲ್ಲಿಟ್ಟ.

“ಇವ್ನ ಕೆಡ್ಸಿದ್ದು ನಾನೇ ಗೌಡ್ರೆ, ಕುಡ್ಲಲ್ಲಿ. ಹೊಸವು ತಂದಿವ್ನಿ. ಹಾಕಕ್ಕೆ ನಮ್ಮನೇಲಿ ಸ್ಕ್ರೂಡ್ರೈವರಿಲ್ಲ. ನಿಮ್ಮದೊಂದು ಕೊಡಿ.”

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಮಾವನ ಹತ್ತಿರ ಮಗಳನ್ನು ಕೇಳಿದವರುಂಟು. ಸ್ಕ್ರೂಡ್ರೈವರು ಕೇಳಿದವರು ಯಾರೂ ಇರಲಿಲ್ಲ.

“ಕೊಟ್ಟದ್ದು ಎಂಗೆ ವಾಪಸ್ ಬತ್ತದೆ ಅಂತ ನಂಗೊತ್ತಪ್ಪ,” ಎಂದ ಮಾವ. “ಸ್ಟೋರಲ್ಲಿ ದಿನಾ ನೋಡಿವ್ನಿ.”

“ಎಂಗ್ ಕೊಟ್ರೋ ಅಂಗೇ ತರ್ತೀನಿ. ನಂಬ್ಕೆ ಇಲ್ದಿದ್ರೆ ವಾರವಾರ ತಂದು ತೋರುಸ್ತೀನಿ.”

ಮಾವ ಅವನ ಮುಖ ನೋಡಿದ, ಅಂಗೈ ತಿರುಗಿಸಿ ಬೆರಳು ನೋಡಿದ, ಮೂಸುವುದೊಂದು ಬಾಕಿ. ಕೊನೆಗೆ ಜಪಾನಿನದನ್ನು ಎತ್ತಿ ಕೊಟ್ಟ. ಕೊಡುವಾಗ ಒಂದು ಉಪನ್ಯಾಸ ಮಾಡಿದ. ಹುಡುಗ ಮೇಷ್ಟ್ರಾದ್ದರಿಂದ ಉಪನ್ಯಾಸಗಳ ಅಭ್ಯಾಸವಿದ್ದು ತಡೆದುಕೊಂಡ.

ಅದು ವಾರ ತಿರುಗುವಷ್ಟರಲ್ಲಿ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು, ಮೆತ್ತನೆಯ ಹಳೇ ಬನಿಯನ್ನಿನ ಚೂರಿನಲ್ಲಿ ಸುತ್ತಿಸಿಕೊಂಡು ಮಹೇಶನ ಜೊತೆ ವಾಪಸು ಬಂತು. ಮಾವ ಅದನ್ನು ಬಿಸಿಲಿಗೆ ಹಿಡಿದ, ಉರುಳಿಸಿದ, ಉಗುರಿನಿಂದ ತುದಿ ಸವರಿದ. ತಪ್ಪು ಹುಡುಕುವ ಅವನ ಆತುರ ನೋಡಿದರೆ ಒಂದು ಗೀರಾದರೂ ಬಿದ್ದಿರಬಾರದಿತ್ತೇ ಎಂದು ನಮಗೇ ಅನ್ನಿಸುವಂತಿತ್ತು. ಏನೂ ಸಿಗಲಿಲ್ಲ. ಅವನ ಮುಖ ಇಳಿದುಹೋಯಿತು. ಸಂಬಂಧ ಕುದುರಿದ ಸಂತೋಷದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

“ಎಲೆ ಆಕ್ಸೇ,” ಎಂದ ಅತ್ತೆಗೆ.

ಒಳಗಿನಿಂದ, ಎಷ್ಟೋ ದಿನದ ಮೇಲೆ, ಸವಿತಳ ದನಿ ಬಂತು: “ಅಪ್ಪ, ನಿಂಗೂ ಆಕ್ಲಾ?”

ಮದುವೆ ಪಾಂಡವಪುರದಲ್ಲೇ ಆಯಿತು. ಛತ್ರದ ಫ್ಯಾನಿನ ಸ್ಕ್ರೂ ಸಡಿಲವೆಂದು ಧಾರೆಯ ಹೊತ್ತಿನಲ್ಲಿ ಮಾವ ಪುರೋಹಿತರ ಕಿವಿಯಲ್ಲಿ ಹೇಳಿ, ಅವರು ಮಂತ್ರದ ನಡುವೆ ಎರಡು ಸಲ ಮೇಲೆ ನೋಡುವಂತಾದದ್ದು ಬಿಟ್ಟರೆ ಎಲ್ಲವೂ ಸರಿಯಾಗಿ ನಡೆಯಿತು. ಹೊರಡುವಾಗ ಸವಿತಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದರು. ಮಾವ ಜಪಾನಿನದನ್ನು ಅದೇ ಬನಿಯನ್ನಿನ ಚೂರಿನಲ್ಲಿ ಸುತ್ತಿ ಅಳಿಯನ ಕೈಗಿಟ್ಟ. “ವಾಪಸ್ ಕೊಡ್ಬ್ಯಾಡ,” ಎಂದ. “ತೋರುಸ್ಕಂಡು ಓಗು, ಅಷ್ಟೇಯ.”

ಮರುದಿನ ಬೆಳಿಗ್ಗೆ ನಾನು ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದೆ. ನೆಂಟರೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಅತ್ತೆ ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ನಿಂತವಳು, “ಇನ್ನಾದ್ರೂ ಇದ್ನ ಬಿಚ್ಚಿ ಮ್ಯಾಕೆ ಆಕಿ. ಯಾರ್ಗೋಸ್ಕರ ಇಷ್ಟು ತಗ್ಗಲ್ಲಿರ್ಬೇಕು?” ಎಂದಳು.

ಮಾವ ಒಳಗೆ ಹೋಗಿ ಜರ್ಮನಿಯ ಪೆಟ್ಟಿಗೆ ತಂದ. ನಾನು ಚೀಲ ಕೆಳಗಿಟ್ಟೆ. ಆ ಸ್ಕ್ರೂಡ್ರೈವರು ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಕೆಲಸಕ್ಕೆ ಹೊರಟಿತ್ತು. ಕನ್ನಡಿಯ ಅಂಚಿನಲ್ಲಿ ಸವಿತ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟುಗಳು ಹಾಗೇ ಇದ್ದವು. ಮಾವ ಅವುಗಳನ್ನು ಬಿಟ್ಟು ಮಿಕ್ಕ ಧೂಳನ್ನು ಪಂಚೆಯ ತುದಿಯಲ್ಲಿ ಒರೆಸಿದ. ಮೊಣಕಾಲು ಬಗ್ಗಿಸಿ, ತುಕ್ಕು ಹಿಡಿದ ಸ್ಕ್ರೂವಿನ ಗೀರಿನಲ್ಲಿ ತುದಿಯನ್ನು ಕೂರಿಸಿದ. ಆಮೇಲೆ ತಿರುಗಿಸಿದ, ಬಲಕ್ಕೆ. ಒಂದಾದ ಮೇಲೊಂದರಂತೆ ಎಲ್ಲ ಸ್ಕ್ರೂಗಳನ್ನೂ ಇನ್ನೂ ಒಂದು ಸುತ್ತು ಬಿಗಿ ಮಾಡಿದ.

ಅವನು ಪಕ್ಕಕ್ಕೆ ಸರಿದ ಮೇಲೆ ಅತ್ತೆ ತಾನೂ ಮೊಣಕಾಲು ಬಗ್ಗಿಸಿ, ಆ ತಗ್ಗಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚತೊಡಗಿದಳು.

ಮಾವ ಜರ್ಮನಿಯದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ತುದಿಯನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.