ನೊಣವಿನಕೆರೆ ಪಟ್ಟಾಭಿಯ ಮೊದಲ ಶಾಟ್

ರೀಲುಗಳು ತಗಡಿನ ಡಬ್ಬಿಯೊಳಗೆ ಸುರುಳಿ ಸುತ್ತಿ ಮಲಗುತ್ತಿದ್ದ ಯುಗವೇ, ಗಾಂಧಿನಗರದ ಒಬ್ಬೊಬ್ಬ ದೇವೇಂದ್ರನೂ ಬೈಟು ಕಾಫಿಗೆ ಜೊತೆ ಹುಡುಕುತ್ತಿದ್ದ ಮಹಾಕಾಲವೇ, ನಿನಗೆ ವಂದನೆ! ಆ ಯುಗದ ಲೇಖನೀಖಡ್ಗಧಾರಿಯೂ, ಪೂರ್ಣವಿರಾಮದ್ವೇಷಿಯೂ, ಕರ್ತರಿತಸಂಭಾಷಣಾಶೋಕಸಂತಪ್ತನೂ ಆದ ನೊಣವಿನಕೆರೆ ಪಟ್ಟಾಭಿಯ ಪರಾಕ್ರಮ ಹೇಳುತ್ತೇನೆ. ಅವಸರವಿದ್ದವರು ಎದ್ದು ಹೋಗಬಹುದು.

ಸಂಭಾಷಣೆಕಾರನಾಗಿ ಪಟ್ಟಾಭಿ ಎಷ್ಟೋ ನಿರ್ದೇಶಕರ ಕೈಕೆಳಗೆ ಸವೆದ. ಅವನು ಮಹಾನದಿ ಹರಿಸಿದರೆ ಅವರು ಒಂದು ಚೊಂಬು ಹಿಡಿದುಕೊಂಡು ಉಳಿದದ್ದನ್ನು ಮೋರಿಗೆ ಬಿಟ್ಟರು. ತಾಯಿಯ ಚಿತೆಯೆದುರು ನಾಯಕ ನುಡಿಯಬೇಕಿದ್ದ ಪುಟಗಟ್ಟಲೆ ಮಾತು ತೆರೆಯ ಮೇಲೆ ಬರೀ "ಅಮ್ಮಾ" ಆಯಿತು. ಅಂದು ಅವನು ಥಿಯೇಟರಿನಲ್ಲೇ ಎದ್ದು ಜುಟ್ಟು ಬಿಚ್ಚಿದ. ಜುಟ್ಟೆಲ್ಲಿತ್ತು, ಮಫ್ಲರ್ ಬಿಚ್ಚಿದ. "ನಾನೇ ಡೈರೆಕ್ಟರ್ ಆಗ್ತೀನಿ! ನನ್ನ ಮೊದಲ್ನೇ ಶಾಟ್‌ನಲ್ಲಿ ಒಂದಕ್ಷರ ಉದುರಿದ್ರೂ ಮತ್ತೆ ಪೆನ್ ಮುಟ್ಟಲ್ಲ!"

ಆದ. ಮಂಡ್ಯದ ಅಕ್ಕಿಗಿರಣಿಯ ದೊಡ್ಡೀರಯ್ಯ ನಿರ್ಮಾಪಕನಾಗಿ ಸಿಕ್ಕ. ಮುಹೂರ್ತದ ದಿನ ಕ್ಯಾಮೆರಾಕ್ಕೆ ಮಲ್ಲಿಗೆ ಹಾರ, ಗಾಲಿಗೆ ನಿಂಬೆಹಣ್ಣು, ಎದುರಿಗೆ ಗಣಪತಿಯ ಪಟ.

"ಜಯವಾಗಲಿ ಅಂತ ಒಂದ್ ಮಾತು ಏಳ್ಸಿ ಮುಗ್ಸಪ್ಪ. ರಾಹುಕಾಲ ಬತ್ತಾ ಅದೆ," ಎಂದ ದೊಡ್ಡೀರಯ್ಯ.

ಪಟ್ಟಾಭಿ ಸಿಂಹದಂತೆ ತಿರುಗಿದ. "ಎಲೈ ತಂಡುಲಾಧೀಶ್ವರನೇ! ಸಾಗರವನ್ನು ಒಳಲೆಯಲ್ಲಿ ಕುಡಿಸುವೆಯಾ? ಈ ವಾಕ್ಪ್ರವಾಹಕ್ಕೆ ತೂಬು ಹಾಕಲು ರಾಹುವಿಗೂ ಅಳವಲ್ಲ!"

"ಯೋ, ಕನ್ನಡದಲ್ಲಿ ಏಳಯ್ಯ."

"ಪೂರ್ತಿ ಮಾತು ಹೇಳಿಸ್ತೀನಿ. ಇಲ್ಲಾಂದ್ರೆ ಈಗ್ಲೇ ಎದ್ದೆ."

ದೊಡ್ಡೀರಯ್ಯ ಕ್ಯಾಮೆರಾಮನ್ ದೊರೆಸ್ವಾಮಿಯ ಮುಖ ನೋಡಿದ. ದೊರೆಸ್ವಾಮಿ ಸೂರು ನೋಡಿದ. "ಏಳ್ಸಪ್ಪ, ಎಷ್ಟ್ ಬೇಕೋ ಏಳ್ಸು. ನಂದೇನ್ ಓಯ್ತದೆ?" ಎಂದ ದೊಡ್ಡೀರಯ್ಯ.

ಇಷ್ಟು ಸುಲಭವಾಗಿ ಕೋಟೆ ಬಿಟ್ಟುಕೊಡುವ ಶತ್ರುವನ್ನು ಯಾವ ಬುದ್ಧಿವಂತನೂ ನಂಬಲಾರ. ವಿಜಯಮದೋನ್ಮತ್ತನಾದ ಪಟ್ಟಾಭಿ ನಂಬಿದ.

ನಾಯಕ ಹೇಮಂತರಾಜ್ ಹಾಳೆ ತಿರುವಿ ತಿರುವಿ ಕೊನೆ ಹುಡುಕಿದ. "ಸಾರ್, ಇದ್ರಲ್ಲಿ ಉಸಿರಾಡೋದು ಎಲ್ಲಿ?"

"ವೀರನಿಗೆ ಉಸಿರ್ಯಾಕಯ್ಯ? ಹೇಳು!"

ಹೇಳಿದ. ಅಹಹಾ, ಹೇಗೆ ಹೇಳಿದ! ಯಾವ ಚಿತ್ರದಲ್ಲೂ ತೊದಲದೆ ಮಾತಾಡದ ಆ ನಾಲಿಗೆ ಅಂದು ಒಂದು ಒತ್ತಕ್ಷರವನ್ನೂ ಬೀಳಿಸಲಿಲ್ಲ. ಲೈಟಿನವರು ಚಪ್ಪಾಳೆ ತಟ್ಟಿದರು. ಪುರೋಹಿತರ ಕಣ್ಣಲ್ಲಿ ನೀರು. ಕರ್ಪೂರದ ಹೊಗೆಯೂ ಇತ್ತೆನ್ನಿ.

"ಕಟ್! ದೊರೆಸ್ವಾಮಿ, ಇವತ್ತೇ ಲ್ಯಾಬ್‌ಗೆ ಕಳಿಸು!" ಎಂದು ಪಟ್ಟಾಭಿ ಆಜ್ಞಾಪಿಸಿದ.

"ಏನ್ ಕಳಿಸ್ಲಿ ಸಾರ್? ಮುಹೂರ್ತಕ್ಕೆ ಯಾರಾದ್ರೂ ರೀಲ್ ಹಾಕ್ತಾರಾ? ಖಾಲಿ ಕ್ಯಾಮೆರಾ ತಿರುಗಿಸೋದು ತಾನೇ ವಾಡಿಕೆ? ಇಷ್ಟ್ ವರ್ಷ ಇದ್ದೀರಿ, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಎಲ್ಲ ಮುಹೂರ್ತಗಳಿಗೂ ಹೋಗಿದ್ದ. ಸಂಭಾಷಣೆಕಾರರನ್ನು ನಿಲ್ಲಿಸುತ್ತಿದ್ದುದು ಬಾಗಿಲಾಚೆ, ಪೇಡಾ ಹಂಚುವಲ್ಲಿ.

"ಹೇಮಂತ, ಇನ್ನೊಂದೇ ಸಲ! ರೀಲ್ ಹಾಕಿಸ್ತೀನಿ!"

ಹೇಮಂತರಾಜ್ ಗಂಟಲು ತೋರಿಸಿ ಕೈಯಾಡಿಸಿದ. ರಾಹುಕಾಲ ಬಂತು. ದೊಡ್ಡೀರಯ್ಯ ಪಟ್ಟಾಭಿಯ ಅಂಗೈಗೆ ಪೇಡಾ ಇಟ್ಟ: "ತಿನ್ನಪ್ಪ. ನಾಳೀಕ್ ತೆಗ್ಯುವಾ."

ಮರುದಿನ ರೀಲು ತುಂಬಿತು, ನಾಲಿಗೆ ತೊದಲಿತು. ಟೇಕಿನ ಮೇಲೆ ಟೇಕು. ಕೊನೆಗೆ ಅಕ್ಷರರಕ್ಷಣದೀಕ್ಷಾಬದ್ಧನಾದ ನಮ್ಮ ವೀರ, ಮುಟ್ಟಲಾರೆನೆಂದಿದ್ದ ಪೆನ್ನನ್ನು ಕೇಳಿ ಪಡೆದು, ಮೊದಲು ಒಂದು ಸಾಲನ್ನು ಹೊಡೆದುಹಾಕಿದ. ಆಮೇಲೆ ಕೈ ನಿಲ್ಲಲಿಲ್ಲ.

ಚಿತ್ರ ಬಂತು. ಮೊದಲ ಶಾಟ್‌ನಲ್ಲಿ ಹೇಮಂತರಾಜ್ ಗಣಪತಿಗೆ ಕೈ ಮುಗಿದು, ಗಂಟೆ ಬಾರಿಸಿ, ಹೊರಟುಹೋಗುತ್ತಾನೆ. ಗಂಟೆಯ ಸದ್ದು ಚೆನ್ನಾಗಿ ಬಂದಿದೆ.