ಐದು ತಾಲೂಕಿನ ವಿಮಾನಗಳು ನನ್ನ ಕಪಾಟಿನಲ್ಲಿ

ನಮ್ಮ ಕಡೆ ವಿಮಾನ ಇಟ್ಟುಕೊಂಡವರ ಕಾಗದಪತ್ರ ನೋಡಿಕೊಳ್ಳುವವಳು ನಗುವುದಕ್ಕೆಂದು ಬೇರೆ ಹೊತ್ತು ಎತ್ತಿಡಬೇಕಾಗಿಲ್ಲ. ಕೆಲಸದ ವೇಳೆಯಲ್ಲೇ ಅದೂ ಆಗಿಹೋಗುತ್ತದೆ.

ವಿಮಾನ ಎಂದ ಕೂಡಲೇ ಕತ್ತೆತ್ತಿ ಆಕಾಶ ನೋಡಬೇಡಿ. ಹೊಲಕ್ಕೆ ಔಷಧ ಹೊಡೆಯುವ ಡ್ರೋನು. ಆದರೆ ಸರ್ಕಾರದ ಕಾಗದದಲ್ಲಿ ಅದಕ್ಕೆ ‘ಮಾನವರಹಿತ ವಿಮಾನ’ ಎಂದೇ ಹೆಸರು. ಹೆಸರು ದೊಡ್ಡದಾದ ಮೇಲೆ ಕಾಗದವೂ ದೊಡ್ಡದು: ಗುರುತಿನ ನಂಬರು, ಪೈಲಟ್ ಸರ್ಟಿಫಿಕೇಟು, ಹಾರಾಟದ ಪುಸ್ತಕ, ಬ್ಯಾಟರಿಯ ಪುಸ್ತಕ, ರಿಪೇರಿಯ ಪುಸ್ತಕ. ನಮ್ಮವರಿಗೆ ಹಾರಿಸುವುದು ಸಲೀಸು, ಬರೆದಿಡುವುದು ಬೇಜಾರು. ಆ ಬೇಜಾರಿನ ಮೇಲೆ ನಿಂತಿರುವುದೇ ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಅಂಗಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲೂಕಿನ ಆಕಾಶ ನನ್ನ ಕಪಾಟಿನಲ್ಲಿದೆ ಎಂದರೆ ಜಂಬ ಅನ್ನುತ್ತಾರೆ. ಹೌದು, ಜಂಬವೇ. ನಮ್ಮ ಅತ್ತೆಗಂತೂ ನನಗಿಂತ ಹೆಚ್ಚು. ಮದುವೆ ಮನೆಗಳಲ್ಲಿ, “ನಮ್ಮ ಸೊಸಿ ವಿಮಾನದ ಇಲಾಖಿ ನೋಡ್ಕಂತಾಳ” ಎಂದು ಹೇಳಿ ಬರುತ್ತಾರೆ. ಮಾರನೆಯ ದಿನ ಯಾರೋ ಬಂದು ಕಾಶಿಗೆ ಕಿಟಕಿ ಪಕ್ಕದ ಸೀಟು ಕೇಳುತ್ತಾರೆ.

ತಪಾಸಣೆ ಮಾತ್ರ ತಮಾಷೆಯಲ್ಲ. ಕಾಗದ ಸರಿಯಿಲ್ಲ ಎಂದಾದರೆ ಡ್ರೋನಿನ ಪೆಟ್ಟಿಗೆಗೆ ಸೀಲು ಬೀಳುತ್ತದೆ. ಮೆಕ್ಕೆಜೋಳಕ್ಕೆ ಹುಳು ಬಿದ್ದ ಹೊತ್ತಿನಲ್ಲಿ ಸೀಲು ಬಿದ್ದರೆ ಮಾಲೀಕನ ಹಂಗಾಮು ಹೋಯಿತು, ಜೊತೆಗೆ ನನ್ನ ಹೆಸರೂ ಹೋಯಿತು.

ಹೋದ ಮುಂಗಾರಿನಲ್ಲಿ ಬೆಂಗಳೂರಿನಿಂದ ಒಬ್ಬ ತಪಾಸಣಾಧಿಕಾರಿ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ತೊಡೆಯ ಮೇಲೆ ಸೀಲಿನ ಚೀಲ. ಮಾತು ಕಡಿಮೆ. ಜೀಪಿನಲ್ಲಿ ಮುಂದೆ ಅವರು, ಹಿಂದೆ ನಾನು ಮತ್ತು ನನ್ನ ಫೈಲುಗಳು. ಹಾಗೆ ಹೊರಟಿತು ನಮ್ಮ ಸವಾರಿ.

ತೆಲಿಗಿಯ ವಿಭೂತಿ

ಮೊದಲು ಹರಪನಹಳ್ಳಿ ಕಡೆಯ ತೆಲಿಗಿ. ಅಲ್ಲಿಯ ಮಾಲೀಕರಿಗೆ ಹಿಂದಿನ ದಿನವೇ ಫೋನು ಮಾಡಿ, “ಡ್ರೋನು ಚೊಕ್ಕ ಇರಲ್ರೀ, ಔಷಧದ ಕಲಿ ಕಾಣಬಾರದು” ಎಂದಿದ್ದೆ. ಹೇಳಿದ್ದೇ ಹೆಚ್ಚಾಯಿತು.

ಹೋಗಿ ನೋಡಿದರೆ ಅಂಗಳದಲ್ಲಿ ಮಣೆಯ ಮೇಲೆ ಡ್ರೋನು ಕುಳಿತಿದೆ. ಮೈ ತೊಳೆದಿದ್ದಾರೆ, ಒಂದೊಂದು ರೆಕ್ಕೆಗೂ ಚೆಂಡುಹೂವು ಸಿಗಿಸಿದ್ದಾರೆ, ಮುಂದೆ ಒಡೆದ ತೆಂಗಿನಕಾಯಿ. ಕ್ಯಾಮೆರಾದ ಕಣ್ಣಿಗೆ ಮೂರು ಬೆರಳು ವಿಭೂತಿ. ಗುರುತಿನ ನಂಬರಿನ ಮೇಲಂತೂ ಮೂರು ಬೆರಳು ಸಾಲದೆಂದು ಇಡೀ ಅಂಗೈ.

“ನಂಬರ್ ಎಲ್ಲಿ?” ಎಂದರು ಸಾಹೇಬರು.

“ಅಲ್ಲೇ ಐತ್ರಿ ಸಾರ್, ವಿಭೂತಿ ಕೆಳಗ,” ಎಂದರು ಮಾಲೀಕರು.

“ಒರೆಸಿ ತೋರಿಸಿ.”

ಒಳಬಾಗಿಲಲ್ಲಿ ನಿಂತಿದ್ದ ಮಾಲೀಕರ ಹೆಂಡತಿ ಥಟ್ಟನೆ ಹೊರಬಂದರು. “ಏ, ಈಗ ಹಚ್ಚಿದ ವಿಭೂತಿ ಒರಸ್ತಾರೇನ್ರಿ? ಸಂಜಿ ಹೊತ್ತಿಗೆ ತಾನಾಗೇ ಉದರ್ತೈತಿ. ಅಲ್ಲೀ ತನಕ ಕುಂದರ್ರಿ, ಚಾ ಕಾಸ್ತೀನಿ.”

ಸಾಹೇಬರ ಕೈ ಚೀಲದ ಕಡೆ ಹೋಯಿತು. ಮಾಲೀಕರ ಮುಖ ಬಿಳಿಚಿತು. ಹೆಂಡತಿಗೆ ಎದುರು ಹೇಳುವ ಧೈರ್ಯವಿಲ್ಲ, ಸಾಹೇಬರಿಗೂ ಹೇಳುವ ಹಾಗಿಲ್ಲ. ನಾನು ಫೈಲು ಬಿಚ್ಚಿದೆ. ಪ್ರತಿಯೊಂದು ಡ್ರೋನಿಗೂ ನಾನು ಎರಡು ಫೋಟೋ ಇಡುತ್ತೇನೆ, ಪೂಜೆಗೆ ಮುಂಚಿನದು ಒಂದು, ಪೂಜೆಯಾದ ಮೇಲಿನದು ಒಂದು. ಈ ಸೀಮೆಯಲ್ಲಿ ಹುಟ್ಟಿ ಅಷ್ಟು ಮುಂದಾಲೋಚನೆ ಇಲ್ಲದಿದ್ದರೆ ಹೇಗೆ? ಬ್ಯಾಟರಿ ಕೂರುವ ಗೂಡಿನೊಳಗೆ ಕಂಪನಿಯವರು ಕೆತ್ತಿದ ನಂಬರೂ ಇರುತ್ತದೆ, ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ. ಸಾಹೇಬರು ಬಗ್ಗಿ, ಟಾರ್ಚು ಹಾಕಿ, ಫೋಟೋಗೂ ಫೈಲಿಗೂ ತಾಳೆ ನೋಡಿದರು. ಎಲ್ಲ ಹೊಂದಿತು.

ಅವರು ಬಗ್ಗಿದ್ದೇ ಆ ತಾಯಿಗೆ ಅನುಕೂಲವಾಯಿತು. ಎದ್ದಾಗ ಸಾಹೇಬರ ಹಣೆಯ ಮೇಲೂ ಮೂರು ಬೆರಳು ಮೂಡಿದ್ದವು. ಹಾಗೆಯೇ ಕುಳಿತು ಕೆಂಪು ಪೆನ್ನಿನಲ್ಲಿ ಷರಾ ಬರೆದರು: ‘ವಿಮಾನ ಸ್ವಚ್ಛವಾಗಿದೆ, ವಿಭೂತಿ ಹೊರತುಪಡಿಸಿ.’

ಗೌರಿ, ಗಂಗಿ, ಕೆಂಪಿ

ಹಡಗಲಿ ಕಡೆ ಹೊಳೆದಂಡೆಯ ಊರು. ಅಲ್ಲಿ ಮಗ ಡ್ರೋನು ಹಾರಿಸುತ್ತಾನೆ, ಬ್ಯಾಟರಿಗಳ ಉಸ್ತುವಾರಿ ಅವನ ತಾಯಿಯದು. ಎಮ್ಮೆ ಕಟ್ಟಿ ಬಾಳಿದ ಅಜ್ಜಿ. ಬ್ಯಾಟರಿಗಳ ಮೇಲೆ ಒಂದು, ಎರಡು, ಮೂರು ಎಂದು ನಾನು ಚೀಟಿ ಅಂಟಿಸಿದ್ದೆ. ಅಜ್ಜಿಗೆ ಅದು ರುಚಿಸಲಿಲ್ಲ. “ಮನಿ ಜೀವಕ್ಕ ನಂಬರ್ ಹಾಕ್ತಾರೇನವ್ವಾ?” ಎಂದು ಗೌರಿ, ಗಂಗಿ, ಕೆಂಪಿ ಎಂದು ಹೆಸರಿಟ್ಟಿದ್ದರು. ಪುಸ್ತಕದಲ್ಲಿ ನಂಬರಿನ ಮುಂದೆ ಹೆಸರನ್ನೂ ಬರೆದುಕೊಂಡು ನಾನೂ ರಾಜಿಯಾಗಿದ್ದೆ.

ಸಾಹೇಬರು ಎಣಿಸಿ ನೋಡಿದರು. “ಮೂರನೇ ಬ್ಯಾಟರಿ ಎಲ್ಲಿ?”

“ಕೆಂಪಿ ಏನ್ರಿ? ಅಕಿ ಬಸರಿ ಅದಾಳ್ರಿ,” ಎಂದರು ಅಜ್ಜಿ.

ಸಾಹೇಬರು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಅಜ್ಜಿ ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು. ಮನೆಯಿಂದ ದೂರ, ಮೂಲೆಯಲ್ಲಿ ಒಂದು ಹಳೆಯ ಗಡಿಗೆ. ಗಡಿಗೆಯ ತುಂಬ ಉಸುಕು, ಉಸುಕಿನಲ್ಲಿ ಕೆಂಪಿ. ಎರಡೂ ಪಕ್ಕ ಉಬ್ಬಿ ಹೊಟ್ಟೆ ಬಂದಿದೆ. ಹಾಗೆ ಉಬ್ಬಿದ ಬ್ಯಾಟರಿ ಯಾವಾಗ ಬೇಕಾದರೂ ಹೊತ್ತಿಕೊಳ್ಳುತ್ತದೆ, ಬೇರೆ ಮಾಡಿ ಉಸುಕಿನಲ್ಲಿ ಇಡಬೇಕು ಎಂದು ನಾನು ಹೇಳಿಕೊಟ್ಟಿದ್ದೆ. ಅಜ್ಜಿ ಮಾತು ಮೀರಿರಲಿಲ್ಲ, ನನಗೆ ಎದೆ ತುಂಬಿ ಬಂತು. ‘ಉಬ್ಬಿದೆ, ಪ್ರತ್ಯೇಕಿಸಿದೆ’ ಎಂದು ಮಗ ಪುಸ್ತಕದಲ್ಲಿ ಬರೆದೂ ಇದ್ದ.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ನಿಂತು, “ಅಮ್ಮಾ, ಇದನ್ನ ಇಲ್ಲಿ ಬಹಳ ದಿನ ಇಟ್ಕೋಬಾರದು. ತಯಾರು ಮಾಡಿದ ಕಂಪನಿಗೇ ವಾಪಸ್ ಕಳಿಸಬೇಕು, ನಿಯಮ ಇದೆ,” ಎಂದರು.

ಅಜ್ಜಿಯ ಮುಖ ಅರಳಿತು. “ಹೌದ್ರೀ ಮತ್ತ, ನಾನೂ ಅದನ್ನ ಹೇಳಾಕತ್ತೀನಿ, ನನ್ನ ಮಗಗ ಗೊತ್ತಾಗವಲ್ದು. ಬಸರಿ ಹೆಣ್ಮಗಳನ್ನ ತವರುಮನಿಗೆ ಕಳಸೂದು ಬಿಟ್ಟು ಉಸುಕಿನ್ಯಾಗ ಕುಂದ್ರಿಸ್ಯಾನ!”

ಕಾರಣದ ಕಾಲಂ

ಹಗರಿಬೊಮ್ಮನಹಳ್ಳಿ ಹತ್ತಿರದ ಮಾಲೀಕನಿಗೆ ನಾನು ಒಂದೇ ಮಾತು ಹೇಳಿದ್ದೆ: “ಹಾರಾಟ ನಡುವ ನಿಲ್ಲಿಸಿದ್ರ ಕಾರಣ ಬರೀಬೇಕು. ಇದ್ದದ್ದು ಇದ್ದಂಗ ಬರಿ.” ಹುಡುಗ ಹೊಸದಾಗಿ ಮದುವೆಯಾದವನು, ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವ ಅಭ್ಯಾಸದಲ್ಲಿದ್ದ.

ಸಾಹೇಬರು ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದರು. “ಕಾರಣ: ಗಾಳಿ ಜೋರಾಯಿತು. ಸರಿ. ಕಾರಣ: ಪಕ್ಕದ ಹೊಲದ ಎತ್ತು ಬೆದರಿದವು. ಸರಿ. ಕಾರಣ: ಮಾವನವರು ಬಂದರು, ರಿಮೋಟ್ ಕೆಳಗಿಟ್ಟು ನಮಸ್ಕಾರ ಮಾಡಬೇಕಾಯಿತು.”

“ಇಳಿಸಿದ ಮ್ಯಾಲೇ ಕೆಳಗಿಟ್ಟೀನ್ರಿ ಸಾರ್,” ಎಂದ ಹುಡುಗ ಗಾಬರಿಯಿಂದ.

ಸಾಹೇಬರು ಮುಂದೆ ಓದಿದರು. “ಕಾರಣ: ಹೊಲದವರು ಊಟಕ್ಕೆ ಕರೆದರು, ಹೋಳಿಗೆ ಇತ್ತು. ಮಧ್ಯಾಹ್ನದ ಹಾರಾಟ: ಇಲ್ಲ. ಕಾರಣ: ಮೇಲಿನದೇ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಅಲ್ಲಪ್ಪಾ, ಹೋಳಿಗೆ ತಿಂದರೆ ಹಾರಿಸೋಕೆ ಏನು ಕಷ್ಟ?”

“ನಿದ್ದಿ ಬರ್ತೈತಲ್ರಿ ಸಾರ್. ಪೈಲಟ್ ತೂಕಡಿಸಬಾರದು ಅಂತ ಟ್ರೇನಿಂಗ್‌ನ್ಯಾಗ ಹೇಳ್ಯಾರ.”

ಸಾಹೇಬರು ಆ ಸಾಲಿನ ಪಕ್ಕ ಟಿಕ್ ಹಾಕಿದರು. ಆಮೇಲೆ ಜೀಪು ಊರು ದಾಟುವಾಗ ಹಿಂದೆ ತಿರುಗಿ ಕೇಳಿದರು: “ಮೇಡಂ, ಆ ಹೊಲದವರ ಮನೆ ಎಲ್ಲಿ ಬರುತ್ತೆ?”

ಕೂಡ್ಲಿಗಿಯಲ್ಲಿ ಸೀಲು ಹೊರಬಂತು

ಕೊನೆಗೆ ಕೂಡ್ಲಿಗಿ. ಹೆದ್ದಾರಿಯಿಂದ ಒಳಗಿರುವ ಹಳ್ಳಿ. ಮಾಲೀಕ ನಡುವಯಸ್ಸಿನವನು, ಮಾತಿಗಿಂತ ತಲೆಯಾಡಿಸುವುದು ಹೆಚ್ಚು. ಎತ್ತು ಮಾರಿಬಿಟ್ಟ ಮೇಲೆ ಡ್ರೋನು ತಂದವನು. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ, ಗೋದಲಿಯ ಪಕ್ಕ, ಅದನ್ನು ಇಟ್ಟಿದ್ದ. ನನ್ನ ಕಪಾಟಿನಲ್ಲಿರುವ ಹಾರಾಟದ ಪುಸ್ತಕಗಳಲ್ಲಿ ಇವನದೇ ಎಲ್ಲಕ್ಕಿಂತ ಚೊಕ್ಕ. ದಿನದಿನದ್ದು ಹೊಲದಲ್ಲೇ ಕುಳಿತು ಬರೆಯುತ್ತಾನೆ. ಆ ಪುಸ್ತಕ ತೋರಿಸುವುದೆಂದರೆ ನನಗೆ ಮಗಳ ಮಾರ್ಕ್ಸ್ ಕಾರ್ಡು ತೋರಿಸಿದಷ್ಟು ಹೆಮ್ಮೆ.

ಸಾಹೇಬರು ಹಾಳೆ ತಿರುವಿದರು. ಹಿಂದಕ್ಕೆ ತಿರುವಿದರು. ಮೊಬೈಲಿನಲ್ಲಿ ಕ್ಯಾಲೆಂಡರು ತೆಗೆದು ಪಕ್ಕದಲ್ಲಿಟ್ಟುಕೊಂಡರು. ನನಗೆ ಯಾಕೋ ಇರುಸುಮುರುಸಾಯಿತು.

“ವರ್ಷದುದ್ದಕ್ಕೂ ಒಂದೇ ಒಂದು ಸೋಮವಾರ ಹಾರಿಲ್ಲ. ಹುಳು ಸೋಮವಾರ ರಜೆ ಹಾಕುತ್ತಾ?” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಒಂದು ಚಿತ್ತಿಲ್ಲ, ಕಾಟಿಲ್ಲ. ಇದು ಹೊಲದಲ್ಲಿ ಬರೆದ ಪುಸ್ತಕ ಅಲ್ಲ ಮೇಡಂ. ಯಾರೋ ಅಂಗಡಿಯಲ್ಲಿ ಕೂತು ಬರೆದಿದ್ದಾರೆ. ಅವರ ಅಂಗಡಿಗೆ ಸೋಮವಾರ ರಜೆ ಇರಬೇಕು.”

ನನಗೆ ಪಿತ್ತ ನೆತ್ತಿಗೇರಿತು. “ನನ್ನ ಅಂಗಡಿಗೆ ರಜಾನೇ ಇಲ್ರೀ ಸಾಹೇಬ್ರ,” ಎಂದೆ.

ಮಾಲೀಕ ಮೆಲ್ಲಗೆ ಬಾಯಿ ಬಿಟ್ಟ. “ಸೋಮವಾರ ಬಸವಣ್ಣನ ವಾರ್ರಿ. ನಮ್ಮ ಮನ್ಯಾಗ ಅವತ್ತು ಎತ್ತು ಹೂಡಂಗಿಲ್ಲ.”

“ಎತ್ತೆಲ್ಲಿದೆ ಈಗ?”

“ಇಲ್ರಿ. ಇದೈತಲ್ರಿ.” ಡ್ರೋನು ತೋರಿಸಿದ.

“ಯಂತ್ರಕ್ಕೂ ಸೋಮವಾರನಾ?”

“ಎತ್ತಿನ ಜಾಗಾದಾಗ ಕುಂತೈತ್ರಿ. ದುಡಿಯೂದೂ ಎತ್ತಿನಂಗ ದುಡಿತೈತಿ.”

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಚೀಲದಿಂದ ಸೀಲು ಹೊರಬಂತು. ಅಷ್ಟರಲ್ಲಿ ಅಂಗಳದ ತುಂಬ ಜನ. ಇಡೀ ಊರಿನ ಮೆಕ್ಕೆಜೋಳಕ್ಕೆ ಹುಳು ಬಿದ್ದಿತ್ತು, ಎಲ್ಲರೂ ಈ ಡ್ರೋನಿಗೇ ಪಾಳಿ ಹಚ್ಚಿದ್ದರು. ಜನರನ್ನು ನೋಡಿ ಸಾಹೇಬರೂ ಸ್ವಲ್ಪ ಇಳಿದು ಬಂದರು. “ಆಯ್ತು, ಈಗಲೇ ಒಂದು ಸಲ ಹಾರಿಸಿ ತೋರಿಸಿ. ಹೊಸ ಹಾರಾಟ ಯಂತ್ರದ ನೆನಪಿನಲ್ಲಿ ಸರಿಯಾಗಿ ದಾಖಲಾಗುತ್ತೆ ಅಂತ ಕಂಡಮೇಲೆ ಹಳೇದನ್ನೂ ಪುಸ್ತಕದ ಜೊತೆ ತಾಳೆ ನೋಡ್ತೀನಿ. ಹೊಂದಿದರೆ ಪಾಸು.”

ಮಾಲೀಕ ಕದಲಲಿಲ್ಲ. ಆಗ ನನಗೆ ಹೊಳೆಯಿತು, ಅವತ್ತೇ ಸೋಮವಾರ.

ನಾನು ಅವನ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. “ಅಣ್ಣಾ, ಒಂದಾಳೆತ್ತರ ಎಬ್ಬಿಸಿ ಇಳಿಸಿಬಿಡೋ. ಬಸವಣ್ಣ ಕಣ್ಣು ಮುಚ್ಕಂತಾನ.”

“ಬಸವಣ್ಣ ಮುಚ್ಕಂತಾನ ಅಕ್ಕಾರ,” ಎಂದ ಅವನು, “ನೀವು ಪುಸ್ತಕದಾಗ ಬರಸ್ತೀರಲ್ಲ!”

ಆಮೇಲೆ ಸಾಹೇಬರಿಗೆ ಕೈಮುಗಿದು, “ಸೀಲ್ ಹಾಕ್ರಿ ಸಾಹೇಬ್ರ. ಇವತ್ತು ಹಾರಸಂಗಿಲ್ಲ,” ಎಂದ. ಹಂಗಾಮು ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಊರವರಾದರೂ ಬೈದು ಒಪ್ಪಿಸುತ್ತಾರೆಂದು ನಾನು ಕಾದೆ. ಒಬ್ಬ ಮುದುಕರು ಮುಂದೆ ಬಂದು, “ಸೋಮವಾರ ಅವನ್ನ ಕೇಳೂದು ನಾವೂ ಬಿಟ್ಟೀವ್ರಿ ಸಾಹೇಬ್ರ. ನೀವೂ ಬಿಟ್ಟುಬಿಡ್ರಿ,” ಎಂದರು.

ಸಾಹೇಬರು ಸೀಲನ್ನು ಮತ್ತೆ ಚೀಲಕ್ಕೆ ಹಾಕಿದರು. “ಸುಳ್ಳು ಬರೆಯೋನು ಸೀಲಿನ ಮುಂದೆ ಇಷ್ಟು ಹಟ ಮಾಡೋಲ್ಲ. ನಾಳೆ ಬೆಳಿಗ್ಗೆ ಬರ್ತೀನಿ,” ಎಂದು ಹೇಳಿ ಕೂಡ್ಲಿಗಿಯಲ್ಲೇ ಉಳಿದುಕೊಂಡರು.

ಮಂಗಳವಾರ ಬೆಳಿಗ್ಗೆ ಡ್ರೋನು ಎದ್ದಿತು. ಹೊಲದ ಮೇಲೆ ಗೆರೆ ಎಳೆದ ಹಾಗೆ ಹೋಗಿ, ತಿರುಗಿ, ಮಾಲೀಕನ ಕಾಲ ಮುಂದೆ ಬಂದು ಕುಳಿತಿತು. ಸಾಹೇಬರು ಲ್ಯಾಪ್‌ಟಾಪಿಗೆ ವೈರು ಸಿಗಿಸಿ ಯಂತ್ರದ ನೆನಪನ್ನು ತೆರೆದರು. ದಿನ ದಿನವೂ ಪುಸ್ತಕದ ಜೊತೆ ಹೊಂದಿತು. ಸೋಮವಾರಗಳೆಲ್ಲ ಖಾಲಿ. ಸಾಹೇಬರು ಎಲ್ಲರೆದುರು ಎದ್ದು ನಿಂತು, “ಮೇಡಂ, ನಾನು ಆಡಿದ ಮಾತು ವಾಪಸ್ ತಗೊಂಡೆ,” ಎಂದರು. ನನ್ನ ಕಣ್ಣು ಒದ್ದೆಯಾದವು. ಧೂಳು ಎಂದೆ.

ಆಮೇಲೆ ಅವರು ಆ ಹಾರಾಟದ ಪುಸ್ತಕದಲ್ಲೇ ‘ಹಾರಿಸಿ ನೋಡಿದೆ, ಸರಿಯಿದೆ’ ಎಂದು ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ಮಾಲೀಕನ ಕೈಗೆ ಕೊಟ್ಟರು. ಅವನು ಕಣ್ಣಾಡಿಸಿದ. ಇನ್ನೊಮ್ಮೆ ಕಣ್ಣಾಡಿಸಿದ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಇಟ್ಟ.

“ತಾರೀಖು ನಿನ್ನೀದು ಹಾಕೀರಿ ಸಾಹೇಬ್ರ. ನಾವು ಸೋಮವಾರ ಹಾರಸಂಗಿಲ್ಲ.”

ಸಾಹೇಬರು ಕೆಂಪು ಪೆನ್ನು ತೆಗೆದು, ತಾವು ಬರೆದದ್ದನ್ನು ತಾವೇ ಹೊಡೆದುಹಾಕಿ, ಮಂಗಳವಾರದ ತಾರೀಖು ಬರೆದು, ಪಕ್ಕದಲ್ಲಿ ಇನ್ನೊಂದು ಪುಟ್ಟ ಸಹಿ ಮಾಡಿದರು. ಇವತ್ತಿಗೂ ಆ ಪುಸ್ತಕದಲ್ಲಿ ಇರುವುದು ಅದೊಂದೇ ಚಿತ್ತು, ಅದೂ ತಪಾಸಣೆಗೆ ಬಂದವರದು.